ಹಳೇ ಕವರ್, ಹಳೇ ರಟ್ಟಿನ ಬಾಕ್ಸ್ ಮತ್ತೆ ಅಂಚೆಗೆ: ಕೊಡಗಿನ ಮಳೆಗೂ ತಡೆಯುವ ಹಾಗೆ

ಈ ಕೆಲಸಕ್ಕೆ ಒಳ್ಳೆಯ ಕಾಲ ಏಪ್ರಿಲ್, ಮೇ. ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಬೇಕು. ಜೂನ್ ಬಂತೆಂದರೆ ನಮ್ಮ ಕಡೆ ಬೆಳಿಗ್ಗೆ ಬರುವ ಪೇಪರೇ ಮೆತ್ತಗಿರುತ್ತದೆ, ಅಂಗಡಿಯಿಂದ ತಂದ ಹೊಸ ಕವರ್‌ಗಳು ಯಾರೂ ಮುಟ್ಟದೆಯೇ ಅಂಟಿಕೊಂಡು ಕೂತಿರುತ್ತವೆ, ಮಂಚದ ಕೆಳಗೆ ತಳ್ಳಿದ್ದ ರಟ್ಟಿನ ಬಾಕ್ಸನ್ನು ಆಗಸ್ಟ್‌ನಲ್ಲಿ ಎಳೆದು ನೋಡಿದರೆ ಮೂಲೆಯಲ್ಲೆಲ್ಲ ಬಿಳಿ ಬೂಸ್ಟು. ಆಮೇಲೆ ಒಂದು ಪೊಟ್ಟಣ ಕಾಳುಮೆಣಸು ಕಳಿಸಬೇಕಾದರೂ ಪೇಟೆಗೆ ಹೋಗಿ ಹೊಸ ಬಾಕ್ಸ್ ಕೊಳ್ಳಬೇಕು.

ಕೊಡಗಿನಲ್ಲಿ ಕವರ್, ಬಾಕ್ಸ್ ಕೆಡುವುದು ಹಳೆಯದಾಯಿತು ಅಂತಲ್ಲ, ತೇವಕ್ಕೆ. ಚೆನ್ನಾಗಿ ಒಣಗಿದ ಹಳೇ ಬಾಕ್ಸ್ ತೇವ ಕುಡಿದ ಹೊಸ ಬಾಕ್ಸಿಗಿಂತ ಗಟ್ಟಿ. ಗಾಳಿಯಲ್ಲಿ ತೇವ ತುಂಬಿದಾಗ ರಟ್ಟು ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಬಹುದು, ಅದು ಹೊಸದಾದರೂ ಅಷ್ಟೇ, ಹಳೆಯದಾದರೂ ಅಷ್ಟೇ. ಆದ್ದರಿಂದ ಕೆಳಗೆ ಹೇಳುವ ಎಲ್ಲದರಲ್ಲೂ ಎರಡೇ ವಿಷಯ ಮತ್ತೆ ಮತ್ತೆ ಬರುತ್ತವೆ: ಒಣಗಿರಬೇಕು, ಮತ್ತು ಹಳೇ ವಿಳಾಸದ ಗುರುತು ಉಳಿಯಬಾರದು.

ಈಗ ಆನ್‌ಲೈನ್ ಸಾಮಾನು ಬರದ ಮನೆಯೇ ಇಲ್ಲ. ತೋಟದ ನಡುವಿನ ಮನೆಗೂ ವಾರಕ್ಕೊಂದು ಪಾರ್ಸೆಲ್ ಬರುತ್ತದೆ. ಅದರ ಪ್ಲಾಸ್ಟಿಕ್ ಕವರ್ ಏನಾಗುತ್ತದೆ? ಒಂದೋ ಬಚ್ಚಲ ಒಲೆಗೆ ಹೋಗಿ ಮನೆಯೆಲ್ಲ ಕೆಟ್ಟ ಹೊಗೆ, ಇಲ್ಲವೇ ತೋಡಿಗೆ. ತೋಡಿನಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ. ಕಾವೇರಿ ಹುಟ್ಟುವ ಊರಿನವರು ನಾವು, ಅಲ್ವಾ? ನಾವೇ ಅವಳಿಗೆ ಪ್ಲಾಸ್ಟಿಕ್ ಕೊಟ್ಟು ಕಳಿಸುವುದು ನನಗೆ ಸಹಿಸಲು ಆಗುವುದಿಲ್ಲ.

ಏನನ್ನು ಎತ್ತಿಡಬೇಕು

ಬೇಸಿಗೆಯಲ್ಲಿ ಮನೆಗೆ ಬರುವ ಕಾಗದದಲ್ಲಿ ಅತ್ಯಂತ ಒಳ್ಳೆಯದು ಮದುವೆ ಕರೆಯೋಲೆಯ ಕವರ್. ಏಪ್ರಿಲ್, ಮೇ ಎಂದರೆ ಮದುವೆ ಕಾಲ, ಟೀಪಾಯಿ ಮೇಲೆ ರಾಶಿ ಬಿದ್ದಿರುತ್ತದೆ. ದಪ್ಪ ಕಾಗದ, ಒಳ್ಳೆಯ ಅಳತೆ, ಒಳಮಗ್ಗುಲು ಹೆಚ್ಚಾಗಿ ಖಾಲಿ. ಆಮೇಲೆ ಬ್ಯಾಂಕು, ವಿಮೆ ಕಂಪನಿಯ ಉದ್ದನೆ ಕವರ್‌ಗಳು, ಶಾಲೆಯಿಂದ ಬರುವ ಕಂದು ಕವರ್‌ಗಳು, ಹಳೇ ಕ್ಯಾಲೆಂಡರ್ ಹಾಳೆಗಳು, ಗುಳ್ಳೆ ಪ್ಲಾಸ್ಟಿಕ್ ಒಳಗಿರುವ ದಪ್ಪ ಕವರ್‌ಗಳು. ರಾಖಿ ಕಾಲದಲ್ಲಿ ಅಂಚೆ ಕಚೇರಿಯಲ್ಲಿ ನೀರು ಇಳಿಯದ ವಿಶೇಷ ಕವರ್ ಮಾರುತ್ತಾರೆ, ಅದು ನಿಮ್ಮ ಮನೆಗೆ ಬಂದರೆ ದಯವಿಟ್ಟು ಎಸೆಯಬೇಡಿ.

ಬಾಕ್ಸ್‌ಗಳಲ್ಲಿ ಜೆರಾಕ್ಸ್ ಅಂಗಡಿಯ ಪೇಪರ್ ಬಾಕ್ಸ್ ನನಗೆ ಎಲ್ಲಕ್ಕಿಂತ ಇಷ್ಟ. ಗಟ್ಟಿ, ವಾಸನೆ ಇಲ್ಲ. ಕೇಳಿದರೆ ಸುಮ್ನೆ ಕೊಡುತ್ತಾರೆ. ಮೆಡಿಕಲ್ ಶಾಪಿನ ಚಿಕ್ಕ ಬಾಕ್ಸ್‌ಗಳೂ ಒಳ್ಳೆಯವು.

ಕೆಲವನ್ನು ಮಾತ್ರ ಮುಟ್ಟಲೇಬೇಡಿ. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕದ ಬಾಕ್ಸ್‌ನಲ್ಲಿ ತಿನ್ನುವ ವಸ್ತು ಯಾವತ್ತೂ ಕಳಿಸಬಾರದು, ಒಳಗೆ ಎಷ್ಟು ಕವರ್ ಸುತ್ತಿದರೂ ಸರಿ. ಬೇರೆ ಸಾಮಾನಿಗೂ ಬೇಡ, ಹೊರಗೆ ವಿಷದ ಗುರುತು ಅಚ್ಚಾಗಿರುವುದರಿಂದ ಕೌಂಟರ್‌ನಲ್ಲೇ ತಡೆಯುತ್ತಾರೆ. ಬ್ರಾಂದಿ ಅಂಗಡಿಯ ಬಾಕ್ಸ್ ಗಟ್ಟಿಯಾಗಿರುತ್ತದೆ ನಿಜ, ಆದರೆ ಹೊರಗಿನ ಹೆಸರು ನೋಡಿ ಒಳಗೆ ಅದೇ ಇದೆ ಅಂದುಕೊಳ್ಳುವವರು ದಾರಿಯಲ್ಲಿ ಬಹಳ ಜನ. ಒಣಮೀನಿನ ಬಾಕ್ಸ್ ಬೇಡ, ಎಣ್ಣೆ ಇಳಿದದ್ದು ಬೇಡ. ಬೂಸ್ಟು ಬಂದದ್ದನ್ನು ಒರೆಸಿ ಬಳಸಬಹುದು ಅನ್ನಿಸುತ್ತದೆ, ಆದರೆ ಬೂಸ್ಟು ರಟ್ಟಿನ ಒಳಕ್ಕೆ ಇಳಿದಿರುತ್ತದೆ, ಒಳಗಿಟ್ಟ ಬಟ್ಟೆಗೂ ಪುಸ್ತಕಕ್ಕೂ ಹತ್ತುತ್ತದೆ. ಅದು ಗೊಬ್ಬರದ ಗುಂಡಿಗೆ ಹೋಗಲಿ, ಟೇಪ್ ಮಾತ್ರ ಕಿತ್ತು ಹಾಕಿ.

ಬಾಕ್ಸ್ ಪರೀಕ್ಷೆ ಮಾಡುವುದು ಹೀಗೆ. ಗೋಡೆಯ ನಡುವೆ ಹೆಬ್ಬೆರಳಿಂದ ಒತ್ತಿ. ಒಳಗಿನ ಸುಕ್ಕುಸುಕ್ಕಿನ ಪದರ ಜೀವಂತವಾಗಿದ್ದರೆ ಬೆರಳಿಗೆ ಎದುರು ಒತ್ತುತ್ತದೆ. ಚಪ್ಪಟೆಯಾಗಿ ಕುಸಿದರೆ ಅದು ಸತ್ತಿದೆ, ಬಿಡಿ. ಆಮೇಲೆ ಮಡಿಕೆಯ ಗೆರೆಗಳನ್ನು ನೋಡಿ, ಹರಿಯುವುದು ಯಾವಾಗಲೂ ಅಲ್ಲಿಂದಲೇ.

ಎತ್ತಿಡುವಾಗ ಬಾಕ್ಸನ್ನು ಬಿಚ್ಚಿ ಚಪ್ಪಟೆ ಮಾಡಿ, ಒಂದು ದಿನ ಕಣದಲ್ಲಿ ಒಳ್ಳೆಯ ಬಿಸಿಲಿಗೆ ಹಾಕಿ, ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತಂದು, ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿಬಿಡಿ. ಸಿಮೆಂಟ್ ನೆಲದ ಮೇಲೆ ನೇರ ಇಡಬಾರದು, ಕೆಳಗೆ ಎರಡು ಮರದ ಪಟ್ಟಿ ಇರಲಿ. ಗೋಡೆಗೂ ತಾಗಿಸಬೇಡಿ.

ಹಳೇ ವಿಳಾಸ ತೆಗೆಯುವುದು

ಇದರಲ್ಲಿ ಅವಸರ ಬೇಡ. ಪೆನ್ನಿನಿಂದ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸ ವಿಳಾಸ ಬರೆಯುವವರು ಬಹಳ ಮಂದಿ. ವಿಂಗಡಿಸುವವರ ಕಣ್ಣು ಮೊದಲು ಹೋಗುವುದು ಪಿನ್ ಕೋಡ್‌ಗೆ. ಗೆರೆಯ ಕೆಳಗೆ ಹಳೇ ಪಿನ್ ಓದಲು ಬಂದರೆ ನಿಮ್ಮ ಪಾರ್ಸೆಲ್ ವಾಪಸ್ ನಿಮ್ಮ ಊರಿಗೇ ಬರಬಹುದು.

ಅದಕ್ಕಿಂತ ಮುಖ್ಯ ಬಾರ್‌ಕೋಡ್. ಹಳೇ ಪಾರ್ಸೆಲ್ ಮೇಲಿನ ಬಾರ್‌ಕೋಡ್, ಚೌಕದ ಕ್ಯೂಆರ್ ಕೋಡ್ ಇವೆರಡನ್ನೂ ಯಂತ್ರ ಓದುತ್ತದೆ, ಯಂತ್ರಕ್ಕೆ ಹೊಸದು ಯಾವುದು, ಹಳೆಯದು ಯಾವುದು ಗೊತ್ತಾಗುವುದಿಲ್ಲ. ಸ್ಪೀಡ್ ಪೋಸ್ಟ್‌ನ ಚೀಟಿ ನೋಡಿರುತ್ತೀರಿ, ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐ ಎನ್. ಅದು ಒಂದು ಪಾರ್ಸೆಲ್‌ಗೆ ಒಂದೇ. ಹಳೆಯದು ಪೂರ್ತಿ ಹೋಗಬೇಕು, ಅರ್ಧ ಹರಿದರೆ ಸಾಲದು. ಬಾಕ್ಸಿನ ಆರೂ ಮುಖ ನೋಡಿ, ಕೆಲವರು ತಳದಲ್ಲೂ ಒಂದು ಅಂಟಿಸಿರುತ್ತಾರೆ.

ಚೀಟಿ ಮೇಲೆ ನಿಮ್ಮ ಹೆಸರು, ಫೋನ್ ನಂಬರ್ ಇರುತ್ತದೆ. ಬಾಕ್ಸ್ ಮುಂದೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಆನ್‌ಲೈನ್ ಪಾರ್ಸೆಲ್‌ನ ಬಿಳಿ ಚೀಟಿ ಹೆಚ್ಚಾಗಿ ಬಿಸಿಗೆ ಕಪ್ಪಾಗುವ ಕಾಗದದ್ದು, ಬಸ್ ಟಿಕೆಟ್ ಮತ್ತು ಎಟಿಎಂ ಚೀಟಿಯ ಜಾತಿ. ಅದಕ್ಕೊಂದು ಸುಲಭದ ಕೆಲಸ ಇದೆ. ಸ್ಟೀಲ್ ಲೋಟಕ್ಕೆ ಕುದಿಯುವ ನೀರು ಹಾಕಿ, ಲೋಟವನ್ನು ಬಟ್ಟೆಯಲ್ಲಿ ಹಿಡಿದು ಅದರ ತಳವನ್ನು ಚೀಟಿಯ ಮೇಲಿಡಿ. ನೋಡುತ್ತಿದ್ದಂತೆಯೇ ತಳದ ಅಳತೆಯ ಒಂದು ಕಪ್ಪು ವೃತ್ತ ಮೂಡುತ್ತದೆ. ಹಾಗೇ ಜರುಗಿಸುತ್ತಾ ಹೋಗಿ, ಹೆಸರು, ನಂಬರ್, ಬಾರ್‌ಕೋಡ್ ಎಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಅದೇ ಬಿಸಿಗೆ ಚೀಟಿಯ ಅಂಟೂ ಸಡಿಲಾಗಿರುತ್ತದೆ, ಒಂದು ಮೂಲೆ ಉಗುರಿನಿಂದ ಎತ್ತಿ ಮೆಲ್ಲಗೆ ಎಳೆದರೆ ರಟ್ಟು ಕೀಳದೆ ಬರುತ್ತದೆ. ಬಾರದಿದ್ದರೆ ಅದರ ಮೇಲೆ ದಪ್ಪ ಕಾಗದ ಅಂಟಿಸಿ, ಕಪ್ಪಾಗಿದೆ ಎಂದು ಹಾಗೇ ಬಿಡಬೇಡಿ. ಪ್ಲಾಸ್ಟಿಕ್ ಕವರ್ ಮೇಲೆ ಜಿಗುಟು ಉಳಿದರೆ ಒಂದು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿ, ಆಮೇಲೆ ಸೋಪು ನೀರಿನಲ್ಲಿ ಒರೆಸಿ. ಎಣ್ಣೆ ಉಳಿದರೆ ಹೊಸ ಚೀಟಿ ಹಿಡಿಯುವುದಿಲ್ಲ.

ಕವರ್‌ನ ಒಳಮಗ್ಗುಲು ಹೊರಗೆ

ನನಗೆ ಇದು ಅತ್ಯಂತ ಖುಷಿ ಕೊಡುವ ಕೆಲಸ. ರಜದಲ್ಲಿ ಮಕ್ಕಳನ್ನೂ ಕೂರಿಸಿಕೊಳ್ಳಬಹುದು.

ಕವರ್‌ನ ಹಿಂಭಾಗ ನೋಡಿ. ಒಂದು ನಡು ಜೋಡಣೆ, ಒಂದು ತಳದ ಜೋಡಣೆ ಇರುತ್ತದೆ, ಅಥವಾ ಎರಡು ಪಕ್ಕದ ಮಡಿಕೆ. ಬೆಣ್ಣೆ ಸವರುವ ಮೊಂಡು ಚಾಕುವನ್ನು ಜೋಡಣೆಯ ಅಂಚಿನಲ್ಲಿ ತೂರಿಸಿ, ಕುಯ್ಯುವ ಹಾಗಲ್ಲ, ಎತ್ತುವ ಹಾಗೆ ಜರುಗಿಸಿ. ಬಿಡದಿದ್ದರೆ ಕಾಫಿಗೆ ನೀರಿಟ್ಟಾಗ ಬರುವ ಆವಿಯ ಮೇಲೆ ಸ್ವಲ್ಪ ಹೊತ್ತು ಹಿಡಿಯಿರಿ. ಗೋಂದಾದರೆ ಬಿಡುತ್ತದೆ. ಪಟ್ಟಿ ಕಿತ್ತು ಅಂಟಿಸುವ ಹೊಸ ಥರದ ಅಂಟು ಆವಿಗೆ ಬಗ್ಗುವುದಿಲ್ಲ, ಅಲ್ಲಿ ಅಂಚನ್ನು ಕತ್ತರಿಸಿಬಿಡಿ, ಕವರ್ ಅರ್ಧ ಇಂಚು ಚಿಕ್ಕದಾಗುತ್ತದೆ ಅಷ್ಟೇ.

ಪೂರ್ತಿ ಬಿಚ್ಚಿದ ಮೇಲೆ ಆವಿ ತಾಗಿದ್ದನ್ನು ಒಣಗಿಸಿ. ಆಮೇಲೆ ಅದೇ ಗೆರೆಗಳಲ್ಲಿ ಹಿಂದುಮುಂದಾಗಿ ಮಡಿಸಿ. ಹಳೇ ವಿಳಾಸ, ಮುದ್ರೆ, ವಧೂವರರ ಹೆಸರು, ಅರಿಶಿನದ ಗುರುತು ಎಲ್ಲ ಒಳಗೆ ಹೋಯಿತು. ಹೊರಗೆ ಶುಭ್ರ ಕಾಗದ. ಪಕ್ಕಗಳನ್ನು ಅಂಟಿಸಿ, ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ರಾತ್ರಿಯಿಡೀ ಬಿಡಿ. ಬಾಯಿಯನ್ನು ಈಗ ಅಂಟಿಸಬೇಡಿ, ಮತ್ತು ಬಾಯಿಗೆ ಮುಂಚೆಯೇ ಗೋಂದು ಸವರಿ ಇಡಲೂಬೇಡಿ. ಮಳೆಗಾಲಕ್ಕೆ ಎಲ್ಲ ಒಟ್ಟಿಗೆ ಅಂಟಿಕೊಂಡಿರುತ್ತವೆ.

ಕಿಟಕಿ ಇರುವ ಕವರ್ ಬಂದರೆ ಆ ತೆಳು ಪ್ಲಾಸ್ಟಿಕ್ ಕಿತ್ತು, ಒಳಗಿನಿಂದ ಒಂದು ತುಂಡು ಕಾಗದ ಅಂಟಿಸಿ ಮುಚ್ಚಿ.

ಚೆನ್ನಾಗಿ ಬಿಚ್ಚಿಕೊಂಡ ಒಂದು ಕವರನ್ನು ಅಚ್ಚಾಗಿ ಎತ್ತಿಡಿ. ಅದನ್ನು ಹಳೇ ಕ್ಯಾಲೆಂಡರ್ ಹಾಳೆಯ ಮೇಲಿಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು ಕತ್ತರಿಸಿದರೆ ಎಷ್ಟು ಬೇಕಾದರೂ ಕವರ್ ಆಗುತ್ತವೆ. ಹಾಳೆಯ ಖಾಲಿ ಮಗ್ಗುಲು ಹೊರಗೆ ಬರಲಿ. ದೇವರ ಚಿತ್ರ ಇರುವ ಹಾಳೆಯನ್ನು ನಾನು ಕವರಿಗೆ ಬಳಸುವುದಿಲ್ಲ. ಕವರ್ ಹರಿಯುತ್ತಾರೆ, ಎಲ್ಲೋ ಬೀಳುತ್ತದೆ. ಆ ಭಾಗ ಬಿಟ್ಟು ದಿನಾಂಕದ ಭಾಗ ಮಾತ್ರ ತೆಗೆದುಕೊಳ್ಳಿ, ಕಾಗದ ಬೇಕಾದಷ್ಟಿರುತ್ತದೆ.

ಹಳೇ ಕವರ್‌ನಲ್ಲಿ ಕಳಿಸಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಕೆಲವರಿಗೆ. 1934ರಲ್ಲಿ ಕೊಡಗಿಗೂ ಬಂದು ಹೋದ ಗಾಂಧೀಜಿ ಬಂದ ಕವರ್‌ಗಳನ್ನು ಬಿಚ್ಚಿ ಒಳಮಗ್ಗುಲಲ್ಲಿ ಬರೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕಾಗದದ ಬರ ಬಂದಾಗ ಹಳೇ ಕವರ್ ಮೇಲೆ ಅಂಟಿಸುವ ಚೀಟಿಗಳನ್ನೇ ಅಚ್ಚು ಹಾಕಿ ಹಂಚಿದ್ದರು. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಹಾಗಂತ ಎಲ್ಲದಕ್ಕೂ ಹಳೆಯದೇ ಬೇಕು ಅಂತ ಹಟ ಹಿಡಿಯಬೇಡಿ. ಜಮೀನಿನ ದಾಖಲೆ, ಕೋರ್ಟು ಕಾಗದ, ಪಾಸ್‌ಪೋರ್ಟ್ ಅರ್ಜಿ ಇಂಥವಕ್ಕೆ ಹೊಸ ಗಟ್ಟಿ ಕವರ್ ಕೊಂಡುಬಿಡಿ.

ಅಂಟು

ಅನ್ನದ ಅಗುಳು ತಿಕ್ಕಿ ಕವರ್ ಅಂಟಿಸುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ ಜಿರಳೆ, ಇರುವೆ, ಬೂಸ್ಟು ಮೂರಕ್ಕೂ ಅದು ಊಟ.

ಮೈದಾ ಅಂಟು ಜಾಸ್ತಿ ಒಳ್ಳೆಯದು. ಒಂದು ಲೋಟ ನೀರಿಗೆ ಊಟದ ಚಮಚದಲ್ಲಿ ಮೂರು ಚಮಚ ಮೈದಾ, ಮೊದಲು ತಣ್ಣೀರಿನಲ್ಲೇ ಗಂಟಿಲ್ಲದೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಗಂಜಿಯಷ್ಟು ದಪ್ಪ ಆಗುವವರೆಗೆ ಕಾಯಿಸಿ. ಕೆಡದಿರಲು ಅದಕ್ಕೊಂದು ಚಿಟಿಕೆ ಮೈಲುತುತ್ತ ಹಾಕುವುದು ಪುಸ್ತಕ ಬೈಂಡ್ ಮಾಡುವವರ ಹಳೇ ಪದ್ಧತಿ. ಮೈಲುತುತ್ತಕ್ಕೆ ನಮ್ಮಲ್ಲಿ ಹುಡುಕಬೇಕಿಲ್ಲ, ಮಳೆಗೆ ಮುಂಚೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಹೊಡೆಯಲು ತಂದದ್ದು ಸ್ಟೋರ್‌ನಲ್ಲಿ ಇದ್ದೇ ಇರುತ್ತದೆ. ಆದರೆ ಅದು ವಿಷ, ಮರೆಯಬೇಡಿ. ಅಡುಗೆ ಪಾತ್ರೆಯಲ್ಲಿ ಬೆರೆಸಬಾರದು. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಬೋರ್ಡೋ ಕಲಸುವಾಗ ಪ್ಲಾಸ್ಟಿಕ್ ಡ್ರಮ್ ಬಳಸುವುದು ಅದಕ್ಕೇ ತಾನೆ. ಅಂಟು ಕಾದು ಇಳಿಸಿದ ಮೇಲೆ ಹಳೇ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿಕೊಂಡು, ಬಿಸಿ ನೀರಲ್ಲಿ ಕರಗಿಸಿದ ಚಿಟಿಕೆಯನ್ನು ಅಲ್ಲಿ ಸೇರಿಸಿ, ಮೇಲೆ ದೊಡ್ಡದಾಗಿ ವಿಷ ಎಂದು ಬರೆದು, ಮಕ್ಕಳಿಗೆ ಸಿಗದ ಕಡೆ ಇಡಿ. ಮಕ್ಕಳು ಜೊತೆ ಕೂತು ಅಂಟಿಸುವಾಗ, ತಿನ್ನುವ ವಸ್ತು ಕಳಿಸುವಾಗ ಬರೀ ಮೈದಾ ಅಂಟು ಸಾಕು, ಅದನ್ನು ಎರಡು ದಿನದಲ್ಲಿ ಮುಗಿಸಿಬಿಡಿ.

ಸ್ಟೇಪ್ಲರ್ ಪಿನ್ ಬೇಡವೇ ಬೇಡ. ಚೀಲದೊಳಗೆ ಬೇರೆಯವರ ಕಾಗದ ಹರಿಯುತ್ತದೆ, ಅಂಚೆಯಣ್ಣನ ಬೆರಳಿಗೂ ಚುಚ್ಚುತ್ತದೆ.

ಪ್ಲಾಸ್ಟಿಕ್ ಒಳಗೆ, ಕಾಗದ ಹೊರಗೆ

ಆನ್‌ಲೈನ್ ಸಾಮಾನಿನ ಪ್ಲಾಸ್ಟಿಕ್ ಕವರನ್ನು ತಿರುವಿ ಹಾಕಿ ಅದರ ಮೇಲೆಯೇ ವಿಳಾಸ ಅಂಟಿಸಿ ಕಳಿಸುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪ್ಲಾಸ್ಟಿಕ್ ಮೇಲೆ ಸ್ಟಾಂಪ್ ನಿಲ್ಲುವುದಿಲ್ಲ, ಮುದ್ರೆಯ ಮಸಿ ಒಣಗದೆ ಜಾರಿ ಮೆತ್ತಿಕೊಳ್ಳುತ್ತದೆ. ಅದನ್ನು ಒಳಗಿನ ಅಂಗಿಯಾಗಿ ಬಳಸಿ. ಬಂದ ಪಾರ್ಸೆಲನ್ನು ಎಳೆದು ಹರಿಯದೆ, ಚಿಕ್ಕ ಅಂಚಿನಲ್ಲಿ ಕತ್ತರಿಯಿಂದ ನೇರ ಕತ್ತರಿಸಿ ತೆರೆದರೆ ಉದ್ದ ಹೆಚ್ಚು ಕಡಿಮೆ ಪೂರ್ತಿ ಉಳಿಯುತ್ತದೆ. ಸಾಮಾನನ್ನು ಅದರೊಳಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಯನ್ನು ಎರಡು ಮಡಿಕೆ ಮಡಿಸಿ ಟೇಪ್ ಹಾಕಿ, ಆಮೇಲೆ ಕಾಗದದ ಕವರ್‌ಗೋ ಬಾಕ್ಸಿಗೋ ಇಳಿಸಿ. ಹೊರಗಿನದು ನೆನೆದರೂ ಪುಸ್ತಕ ನೆನೆಯುವುದಿಲ್ಲ.

ಚಪ್ಪಲಿ ಬಾಕ್ಸಿನಲ್ಲಿ ಬರುವ ತೇವ ಹೀರುವ ಚಿಕ್ಕ ಪೊಟ್ಟಣಗಳನ್ನೂ ಎತ್ತಿಡಿ. ಬಿಸಿಲಿಗೆ ಒಣಗಿಸಿ ಡಬ್ಬದಲ್ಲಿ ಮುಚ್ಚಿಟ್ಟರೆ ಬಟ್ಟೆ, ಪುಸ್ತಕ ಕಳಿಸುವಾಗ ಒಂದೊಂದು ಹಾಕಬಹುದು.

ಬಾಕ್ಸ್ ಚಿಕ್ಕದು ಮಾಡುವುದು

ಹಳೇ ಬಾಕ್ಸಿನ ದೊಡ್ಡ ತೊಂದರೆ ಅಳತೆ. ಸಾಮಾನು ಅಂಗೈಯಷ್ಟು, ಬಾಕ್ಸ್ ಟಿವಿಯಷ್ಟು. ಕೊರಿಯರ್‌ನವರು ತೂಕ ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಬಂದ ಸಂಖ್ಯೆ ಕೆಜಿ. ನಿಜವಾದ ತೂಕಕ್ಕಿಂತ ಅದು ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. 40, 30, 20 ಸೆಂ.ಮೀ. ಬಾಕ್ಸಿನಲ್ಲಿ ಒಂದು ಕೆಜಿ ಏಲಕ್ಕಿ ಹಾಕಿದರೂ 4.8 ಕೆಜಿ ಲೆಕ್ಕ.

ಹಾಗಾಗಿ ಬಾಕ್ಸನ್ನು ಸಾಮಾನಿನ ಅಳತೆಗೆ ಇಳಿಸಿ. ಸಾಮಾನು ಒಳಗಿಟ್ಟು, ಅದರ ಎತ್ತರಕ್ಕಿಂತ ಎರಡು ಬೆರಳು ಮೇಲೆ ಸುತ್ತಲೂ ಪೆನ್ಸಿಲ್ ಗೆರೆ ಎಳೆಯಿರಿ. ಸಾಮಾನು ತೆಗೆದು, ಗೆರೆಯ ಮೇಲೆ ಚಮಚದ ಹಿಡಿಯಿಂದ ಒತ್ತಿ ಎಳೆಯಿರಿ, ರಟ್ಟು ಹರಿಯಬಾರದು, ಪದರ ಮಾತ್ರ ತಗ್ಗಬೇಕು. ನಾಲ್ಕು ಮೂಲೆಗಳನ್ನು ಮೇಲಿನಿಂದ ಆ ಗೆರೆಯವರೆಗೆ ಕುಯ್ದು ಒಳಕ್ಕೆ ಮಡಿಸಿ. ಹೆಚ್ಚಾದ ರಟ್ಟನ್ನು ಕತ್ತರಿಸಿ ಎಸೆಯಬೇಡಿ, ಮಡಿಸಿ ಒಳಗೇ ಇಟ್ಟರೆ ಮೇಲ್ಭಾಗ ಎರಡು ಪದರ ಆಗುತ್ತದೆ.

ಟೇಪ್ ಹಾಕುವಾಗ ನಡುವಿನ ಬಿರುಕಿಗೆ ಒಂದು, ಎರಡೂ ಅಂಚಿಗೆ ಒಂದೊಂದು. ತಳಕ್ಕೂ ಹಾಗೆಯೇ. ಮಳೆಗಾಲದಲ್ಲಿ ತೇವದ ರಟ್ಟಿಗೆ ಟೇಪ್ ಹಿಡಿಯುವುದಿಲ್ಲ, ರಾತ್ರಿ ಅಂಟಿಸಿದ್ದು ಬೆಳಿಗ್ಗೆ ಎದ್ದಿರುತ್ತದೆ. ಬಾಕ್ಸನ್ನು ಒಲೆಯ ಬಿಸಿ ತಾಗುವಷ್ಟು ದೂರದಲ್ಲಿ ಸ್ವಲ್ಪ ಹೊತ್ತು ಇಟ್ಟು, ಧೂಳು ಒರೆಸಿ, ಬೆಚ್ಚಗಿರುವಾಗಲೇ ಟೇಪ್ ಹಾಕಿ ಅಂಗೈಯಿಂದ ಗಟ್ಟಿಯಾಗಿ ಉಜ್ಜಿ.

ಜೇನು, ಕಾಚಂಪುಳಿ ಮತ್ತು ಬಾಕಿ ಸಾಮಾನು

ನಮ್ಮ ಜಿಲ್ಲೆಗೆ ರೈಲಿಲ್ಲ. ಇಲ್ಲಿಂದ ಹೊರಡುವ ಪ್ರತಿ ಪಾರ್ಸೆಲ್ ತಿರುವು ರಸ್ತೆಯಲ್ಲಿ ವ್ಯಾನಿನಲ್ಲೋ ಬಸ್ಸಿನಲ್ಲೋ ಕುಲುಕಿಕೊಂಡೇ ಹೋಗಬೇಕು, ಮೇಲೆ ಬೇರೆ ಚೀಲಗಳ ಭಾರ. ಪ್ಯಾಕ್ ಮಾಡಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಮತ್ತೆ ಬಿಚ್ಚಿ ತುಂಬಬೇಕು.

ತುಂಬಲು ಹೊಸದೇನೂ ಬೇಡ. ಹಳೇ ಪೇಪರ್ ಉಂಡೆ, ಮೊಟ್ಟೆ ಟ್ರೇ, ಹರಿದ ಬನಿಯನ್ನು. ಭತ್ತದ ಹುಲ್ಲು, ಒಣಗಿದ ಬಾಳೆಎಲೆ ಊರೊಳಗಿನ ಪಾರ್ಸೆಲ್‌ಗೆ ಚೆನ್ನಾಗಿಯೇ ಆಗುತ್ತದೆ, ಗರಿಗರಿ ಒಣಗಿರಬೇಕು ಅಷ್ಟೇ. ಕಾಫಿ ಹೊಟ್ಟು ತುಂಬಬೇಡಿ, ತೇವ ಎಳೆದುಕೊಳ್ಳುತ್ತದೆ, ಎಲ್ಲ ಕಡೆ ಉದುರುತ್ತದೆ.

ಜೇನಿನ ಬಾಟಲಿ, ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ), ಎಣ್ಣೆ ಇರುವ ಉಪ್ಪಿನಕಾಯಿ ಈ ಮೂರಕ್ಕೆ ಒಂದೇ ಕ್ರಮ. ಬಾಟಲಿ ಬಾಯಿಗೆ ತುಂಡು ಪ್ಲಾಸ್ಟಿಕ್ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ. ಮುಚ್ಚಳದ ಸುತ್ತ ಟೇಪ್ ಸುತ್ತುವಾಗ ಮುಚ್ಚಳ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಿ, ಉಲ್ಟಾ ಸುತ್ತಿದರೆ ನಿಮ್ಮ ಟೇಪೇ ಅದನ್ನು ಸಡಿಲ ಮಾಡುತ್ತದೆ. ಬಾಟಲಿಯನ್ನು ಹತ್ತು ನಿಮಿಷ ಪೇಪರ್ ಮೇಲೆ ತಲೆಕೆಳಗಾಗಿಸಿ ನೋಡಿ. ಕಲೆ ಬೀಳದಿದ್ದರೆ ಹಳೇ ಬನಿಯನ್ನಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಖಾಲಿ ಬಿಸ್ಕತ್ ಡಬ್ಬದಲ್ಲೋ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲೋ ಕೂರಿಸಿ, ಆಮೇಲೆ ರಟ್ಟಿನ ಬಾಕ್ಸಿಗೆ. ಸೋರಿದರೂ ಡಬ್ಬದೊಳಗೇ ಉಳಿಯುತ್ತದೆ, ಬೇರೆಯವರ ಟಪಾಲು ಹಾಳಾಗುವುದಿಲ್ಲ. ಮನೆಯಲ್ಲಿ ಮಾಡಿದ ವೈನ್ ಮಾತ್ರ ಕೇಳಲೇಬೇಡಿ, ಮದ್ಯವನ್ನು ಅಂಚೆಯಲ್ಲಿ ಕಳಿಸುವಂತಿಲ್ಲ.

ಬಟ್ಟೆ ಹೊಲಿದು ಕಳಿಸುವುದು

ಇದು ಈಗ ಕಮ್ಮಿಯಾಗಿದೆ, ಆದರೆ ಭಾರದ ಪಾರ್ಸೆಲ್‌ಗೆ ಇದಕ್ಕಿಂತ ಭದ್ರವಾದದ್ದು ನಾನು ನೋಡಿಲ್ಲ. ಹಳೇ ಬಿಳಿ ಪಂಚೆ ಸಾಕು. ಕಾಫಿ ಮೂಟೆ ಹೊಲಿಯುವ ದಬ್ಬಳ, ಹುರಿ ಎರಡೂ ಮನೆಯಲ್ಲೇ ಇರುತ್ತವೆ. ಬಾಕ್ಸನ್ನು ಪಂಚೆಯಲ್ಲಿ ಬಿಗಿಯಾಗಿ ಸುತ್ತಿ, ಜೋಡಣೆ ಒಂದೇ ಕಡೆ ಬರುವಂತೆ ಮಡಿಸಿ, ಹತ್ತಿರ ಹತ್ತಿರ ಹೊಲಿಗೆ ಹಾಕಿ, ಕೊನೆಯ ಗಂಟಿನ ಮೇಲೆ ಅರಗು ಬಿಡಿ. ವಿಳಾಸವನ್ನು ಹೊಲಿಯುವ ಮೊದಲೇ ಬಟ್ಟೆಯ ಮೇಲೆ ಬರೆದುಕೊಂಡರೆ ಕೈ ನೇರ ಬರುತ್ತದೆ. ತಲುಪಿದವರು ಕತ್ತರಿ ಹಾಕದೆ ಹೊಲಿಗೆ ಬಿಚ್ಚಿದರೆ ಅದೇ ಬಟ್ಟೆ ತಿರುವಿ ಹಾಕಿ ಮತ್ತೊಮ್ಮೆ ಬಳಸಬಹುದು. ಗೋಣಿ ಬೇಡ, ನೀರು ಕುಡಿದು ಭಾರ ಆಗುತ್ತದೆ.

ವಿಳಾಸ ಬರೆಯುವುದು

ಹೊಸ ವಿಳಾಸಕ್ಕೆ ಬಿಳಿ ಕಾಗದದ ಚೀಟಿ ಒಂದೇ ಇರಲಿ, ಹಳೇ ಗುರುತೆಲ್ಲ ಅದರ ಕೆಳಗೆ ಮುಚ್ಚಿ ಹೋಗುವಷ್ಟು ದೊಡ್ಡದು. ಜೆಲ್ ಪೆನ್, ಇಂಕ್ ಪೆನ್ ಬೇಡ. ಬಾಲ್ ಪೆನ್ ಅಥವಾ ಮಾರ್ಕರ್. ಬರೆದ ಮೇಲೆ ಮೇಣದ ಬತ್ತಿಯನ್ನು ಅಕ್ಷರಗಳ ಮೇಲೆ ಮೆಲ್ಲಗೆ ಉಜ್ಜಿದರೆ ಮಳೆ ಹನಿ ಜಾರಿ ಹೋಗುತ್ತದೆ. ವಿಳಾಸದ ಮೇಲೆ ಪಾರದರ್ಶಕ ಟೇಪ್ ಹಾಕಬಹುದು, ಸ್ಟಾಂಪ್ ಮೇಲೆ ಹಾಕಬಾರದು, ಮುದ್ರೆ ಬೀಳಬೇಕಲ್ಲ.

ಪಿನ್ ಕೋಡ್ ದೊಡ್ಡದಾಗಿ, ಬಿಡಿಬಿಡಿಯಾಗಿ. ಮಡಿಕೇರಿ 571201, ವಿರಾಜಪೇಟೆ 571218, ಪೊನ್ನಂಪೇಟೆ 571216, ಕುಶಾಲನಗರ 571234, ಸೋಮವಾರಪೇಟೆ 571236. ಪೊನ್ನಂಪೇಟೆ, ಕುಶಾಲನಗರ ಈಗ ಬೇರೆ ತಾಲ್ಲೂಕುಗಳಾಗಿವೆ, ಹಳೇ ಡೈರಿಯಿಂದ ವಿಳಾಸ ತೆಗೆಯುವಾಗ ತಾಲ್ಲೂಕು ಸರಿ ಮಾಡಿಕೊಳ್ಳಿ. ನಿಮ್ಮ ವಿಳಾಸವನ್ನು ಎಡ ಮೂಲೆಯಲ್ಲಿ ಚಿಕ್ಕದಾಗಿ, ಮುಂದೆ "ಇಂದ" ಅಂತ ಸ್ಪಷ್ಟವಾಗಿ ಬರೆಯಿರಿ. ಮನೆಯ ಹೆಸರು, ಒಕ್ಕದ (ಕೊಡವ ಮನೆತನದ) ಹೆಸರು ಬಿಡಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ನಮ್ಮಲ್ಲಿ ಮಾಮೂಲು.

ಸೈನ್ಯದಲ್ಲಿರುವ ಮಕ್ಕಳಿಗೆ ಕಳಿಸುವವರು ಇನ್ನೂ ಎಚ್ಚರ ಇರಬೇಕು. ಸೈನ್ಯದ ಅಂಚೆಯ ಪಿನ್ ಕೋಡ್ 9ರಿಂದ ಶುರುವಾಗುತ್ತದೆ. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೇರ್ ಆಫ್ 56 ಎಪಿಒ ಅಥವಾ 99 ಎಪಿಒ (ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ), ಇಷ್ಟೇ. ಯಾವ ಊರಿನಲ್ಲಿದ್ದಾನೆ ಅಂತ ನಿಮಗೆ ಗೊತ್ತಿದ್ದರೂ ಬರೆಯಬಾರದು. ಹಳೇ ಬಾಕ್ಸಿನ ಮೇಲೆ ಬೇರೆ ಊರು, ಬೇರೆ ಪಿನ್ ಒಂದಕ್ಷರ ಉಳಿದರೂ ಗೊಂದಲ, ಆದ್ದರಿಂದ ಅವರಿಗೆ ಕಳಿಸುವ ಬಾಕ್ಸಿಗೆ ಪೂರ್ತಿ ಬಟ್ಟೆಯನ್ನೋ ಕಂದು ಕಾಗದವನ್ನೋ ಸುತ್ತಿಬಿಡುವುದೇ ಒಳ್ಳೆಯದು.

ಸ್ಟಾಂಪ್ ಮತ್ತು ತೂಕ

ಕವರ್ ಮತ್ತೆ ಬಳಸಬಹುದು, ಸ್ಟಾಂಪ್ ಬಳಸುವಂತಿಲ್ಲ. ಮುದ್ರೆ ಬೀಳದೆ ತಪ್ಪಿಸಿಕೊಂಡು ಬಂದ ಸ್ಟಾಂಪ್ ಆದರೂ ಅದು ಒಮ್ಮೆ ಬಳಕೆಯಾದದ್ದೇ. ಮತ್ತೆ ಅಂಟಿಸಿದರೆ ಅಪರಾಧ.

ಸಾದಾ ಕಾಗದಕ್ಕೆ 20 ಗ್ರಾಂವರೆಗೆ 5 ರೂಪಾಯಿ. ಹಳೇ ಕವರಿಗೆ ಅಂಟಿಸಿದ ಚೀಟಿ, ಟೇಪ್ ಎಲ್ಲಕ್ಕೂ ತೂಕ ಇದೆ. ಎ4 ಹಾಳೆ ಒಂದು ಸುಮಾರು 5 ಗ್ರಾಂ, ಕವರ್ ಸುಮಾರು 5 ಗ್ರಾಂ. ಮೂರು ಹಾಳೆಯ ಪತ್ರಕ್ಕೆ ಚೀಟಿ, ಟೇಪ್ ಸೇರಿದರೆ 20 ದಾಟಿಬಿಡಬಹುದು. ಸ್ಟಾಂಪ್ ಕಮ್ಮಿ ಬಿದ್ದರೆ ಕಮ್ಮಿಯಾದದ್ದರ ಎರಡರಷ್ಟನ್ನು ಪತ್ರ ಪಡೆಯುವವರಿಂದ ವಸೂಲಿ ಮಾಡುತ್ತಾರೆ. ಅನುಮಾನ ಇದ್ದರೆ ಅಂಚೆ ಕಚೇರಿಯಲ್ಲೇ ತೂಗಿಸಿ.

ರಿಜಿಸ್ಟರ್ ಪೋಸ್ಟ್ ಕೇಳುವವರಿಗೆ: 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಮೈಸೂರು, ಮಂಗಳೂರಿನಲ್ಲಿ ಓದುವ ಮಕ್ಕಳಿಗೆ ಪಠ್ಯಪುಸ್ತಕ ಕಳಿಸುವುದಾದರೆ ಅದೇ ವರ್ಷ ಮೇ 1ರಂದು ಶುರುವಾದ ಜ್ಞಾನ್ ಪೋಸ್ಟ್ ಕೇಳಿ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗೆ ಹೆಚ್ಚೆಂದರೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು. ವಾರಪತ್ರಿಕೆ, ಜಾಹೀರಾತು ಇರುವಂಥದ್ದು ಸೇರುವುದಿಲ್ಲ. ಪೇಪರ್ ಬಾಕ್ಸನ್ನು ಇಳಿಸಿ ಮಾಡಿದ ಚಿಕ್ಕ ಬಾಕ್ಸ್ ಪುಸ್ತಕಕ್ಕೆ ಹೇಳಿ ಮಾಡಿಸಿದ್ದು.

ಕೌಂಟರ್‌ಗೆ ಹೋಗುವಾಗ ಬಾಯಿ ಅಂಟಿಸದೆ ಹೋಗಿ, ಒಳಗೇನಿದೆ ಎಂದು ಕೇಳಿದರೆ ತೋರಿಸಿ, ಅಲ್ಲೇ ಅಂಟಿಸಿದರಾಯಿತು. ಟೇಪ್, ಕತ್ತರಿ ಚೀಲದಲ್ಲಿರಲಿ.

ಹೊರದೇಶಕ್ಕೆ ಆದರೆ ನಿಯಮ ಬೇರೆ. ಹುಲ್ಲು, ಬಾಳೆಎಲೆ, ಗೋಣಿ ಇಂಥ ಗಿಡದ ವಸ್ತು ಒಳಗೆ ಇರಲೇಬಾರದು. ಆಸ್ಟ್ರೇಲಿಯಾದಂಥ ದೇಶಗಳು ಇದರಲ್ಲಿ ಬಹಳ ಕಟ್ಟುನಿಟ್ಟು, ಹುಲ್ಲಿನ ಎಳೆ ಕಂಡರೂ ಪಾರ್ಸೆಲ್ ತಡೆಯುತ್ತಾರೆ. ಹಣ್ಣು, ತರಕಾರಿ, ಮೊಟ್ಟೆ, ಮಾಂಸ ಇಟ್ಟ ಬಾಕ್ಸೂ ಬೇಡ, ಮೊಟ್ಟೆ ಟ್ರೇಯೂ ಬೇಡ. ಪೇಪರ್ ಉಂಡೆ, ಬನಿಯನ್ನು, ಗುಳ್ಳೆ ಪ್ಲಾಸ್ಟಿಕ್ ಇಷ್ಟರಲ್ಲೇ ಮುಗಿಸಿ, ಜೊತೆಗೆ ಕಸ್ಟಮ್ಸ್ ಫಾರ್ಮ್ ತುಂಬಬೇಕು.

ಪಾರ್ಸೆಲ್ ಒಳಗೆ ಒಂದು ಚೀಟಿ ಹಾಕುವುದನ್ನು ರೂಢಿ ಮಾಡಿಕೊಳ್ಳಿ: "ಬಾಕ್ಸ್ ಬಿಚ್ಚಿ ಚಪ್ಪಟೆ ಮಾಡಿಡಿ, ಬಾಟಲಿ ತೊಳೆದು ಒಣಗಿಸಿಡಿ, ಹುತ್ತರಿಗೆ ಬರುವಾಗ ತನ್ನಿ." ಬೆಂಗಳೂರಿನಲ್ಲಿರುವವರು ಈ ಸುಗ್ಗಿ ಹಬ್ಬಕ್ಕೆ ಹೇಗೂ ಕಾರಿನಲ್ಲಿ ಬರುತ್ತಾರೆ, ಡಿಕ್ಕಿಯಲ್ಲಿ ಜಾಗ ಇರುತ್ತದೆ. ಬಂದದ್ದನ್ನು ಆ ವಾರದ ಬಿಸಿಲಿಗೆ ಹಾಕಿ ಒಣಗಿಸಿ ಚೀಲಕ್ಕೆ ಸೇರಿಸಿಬಿಡಿ, ಕಾಫಿ ಕೊಯ್ಲು ಜೋರಾದರೆ ಕಣದಲ್ಲಿ ಜಾಗ ಸಿಗುವುದಿಲ್ಲ.